ರೈಲಿನ ಸೇತುವೆಗೆ ಹಿಡಿಗೋಲು

ಹೊಳೆಯ ದಂಡೆಯ ಮೇಲೊಂದು ಮಠ. ಮಠದ ಹಿಂದೆ ಹೂದೋಟ, ಹೂದೋಟದ ಕೊನೆಗೆ ಕಾಲುವೆ, ಕಾಲುವೆಯ ಆಚೆಗೆ ಗದ್ದುಗೆ ತೋಟ. ಶಿವನ ಪಾದ ಸೇರಿದವರನ್ನು ಅಲ್ಲಿ ಮಣ್ಣು ಮಾಡುತ್ತಿದ್ದರು.

ಹೆಣ ಹೊತ್ತು ಹೋಗುವಾಗಲ್ಲದೆ ಆ ತೋಟಕ್ಕೆ ಯಾರೂ ಕಾಲಿಡಬಾರದು. ಅದು ಮಠದ ಕಟ್ಟಳೆ. ಹಾಗಾಗಿ ಕಾಲುವೆಗೆ ಜನ ದಾಟುವ ಸಂಕವೇ ಇರಲಿಲ್ಲ. ಹೆಗಲು ಕೊಟ್ಟವರು ನೀರಿಗಿಳಿದೇ ಹೋಗಬೇಕು.

ಮಠದ ಗುರು ಬಾಳಯ್ಯಜ್ಜ. ಅವರ ಶಿಷ್ಯ ಸೋಮನಿಂಗ, ಬಡಗಿ. ಹೆಂಡತಿ ತೀರಿಕೊಂಡ ಮೇಲೆ ಮಗಳು ನಿಂಬೆವ್ವನನ್ನು ಕಂಕುಳಲ್ಲಿ ಎತ್ತಿಕೊಂಡು ಮಠಕ್ಕೆ ಬಂದವನು. ಮಗಳ ಆಟಕ್ಕೆಂದು ಒಂದು ತಗಡಿನ ರೈಲು ಮಾಡಿದ್ದ, ಕೀಲಿ ತಿರುವಿದರೆ ಓಡುವಂಥದು. ಹೂದೋಟದ ಬಿಲ್ವದ ಮರದ ಸುತ್ತ ಅದಕ್ಕೆ ನಾಲ್ಕು ಬೆರಳಗಲದ ಹಳಿ ಹಾಸಿದ್ದ.

ಆರನೆಯ ವರ್ಷಕ್ಕೆ ಜ್ವರ ಬಂದು ನಿಂಬೆವ್ವ ಶಿವನ ಮಡಿಲು ಸೇರಿದಳು.

ಸೋಮನಿಂಗ ಅಳಲಿಲ್ಲ. ಹಳಿಯನ್ನು ಉದ್ದ ಮಾಡಿದ. ಕಾಲುವೆಗೆ ಪುಟ್ಟದೊಂದು ಸೇತುವೆ ಇಟ್ಟು, ಆಚೆ ದಾಟಿಸಿ, ಮಗಳ ಗದ್ದುಗೆಯನ್ನು ಒಂದು ಸುತ್ತು ಹಾಕಿ ಹಳಿ ಮರಳಿ ಬರುವಂತೆ ಜೋಡಿಸಿದ. ಕಟ್ಟಳೆ ಮುರಿಯಿತು ನಿಜ. ಬಾಳಯ್ಯಜ್ಜ ಅದೊಂದು ಸಲ ಕಣ್ಣು ಮುಚ್ಚಿಕೊಂಡು ಜಪಕ್ಕೆ ಕೂತುಬಿಟ್ಟರು.

ಅಂದಿನಿಂದ ದಿನಾ ಮುಚ್ಚಂಜೆಗೆ ರೈಲಿನ ಡಬ್ಬಿಯಲ್ಲಿ ಒಂದು ಹೂವು, ಒಂದು ಚೂರು ಬೆಲ್ಲ ಇಟ್ಟು ಕಳಿಸುತ್ತಿದ್ದ. ರೈಲು ಹೋಗಿ, ಸುತ್ತು ಹಾಕಿ, ಬರುತ್ತಿತ್ತು. ಹೂವು ಇರುತ್ತಿತ್ತು. ಬೆಲ್ಲ ಇರುತ್ತಿರಲಿಲ್ಲ.

"ಏ ಟೇಸನ್ ಮಾಸ್ತರಾ, ಗಾಡಿ ಟೈಮಿಗೆ ಬಂತೇನು?" ಎಂದು ದಾಸೋಹದ ಅಡುಗೆಯ ಗುರುಸಿದ್ದವ್ವ ಕಿಚಾಯಿಸುತ್ತಿದ್ದಳು.

"ಬೆಲ್ಲ ಇಲ್ಲ ನೋಡಬೇ."

"ಇರಿವಿ ತಿಂದಿರತಾವ ತಗೋ."

ರೈಲು ಎಲ್ಲೂ ನಿಲ್ಲುತ್ತಿರಲಿಲ್ಲ. ಇರುವೆ ಹತ್ತಿ ಇಳಿಯುವಷ್ಟು ಹೊತ್ತೂ ಆಗುತ್ತಿರಲಿಲ್ಲ. ಗುರುಸಿದ್ದವ್ವನಿಗೂ ಅದು ಗೊತ್ತಿತ್ತು. ಅವಳು ಆ ಮಾತು ಅಲ್ಲಿಗೇ ಬಿಟ್ಟು ಒಳಗೆ ಹೋಗುತ್ತಿದ್ದಳು.

ಹಾಗಿರುವಾಗ ಒಂದು ಸಂಜೆ ಮೇಲಿನಿಂದ ಏಕಾಏಕಿ ನೀರು ನುಗ್ಗಿ ಬಂತು. ಸೇತುವೆ ಕೊಚ್ಚಿಹೋಯಿತು. ರೈಲು ಆಚೆ ದಂಡೆಯಲ್ಲೇ ಉಳಿಯಿತು.

ಮರುದಿನ ಮುಚ್ಚಂಜೆಗೆ ಸೋಮನಿಂಗ ದಂಡೆಯ ಮೇಲೆ ಕೂತಿದ್ದ. ಆಚೆಯಿಂದ ಸದ್ದು ಬಂತು.

ಕಿರ್ರ್. ಕಿರ್ರ್. ಕಿರ್ರ್.

ಯಾರೋ ಕೀಲಿ ತಿರುವುತ್ತಿದ್ದರು.

ಅವನು ಓಡಿ ಬಂದು ಗುರುವಿನ ಕಾಲಿಗೆ ಬಿದ್ದ.

"ಅಜ್ಜಾರ, ಸೇತುವೆ ಮತ್ತ ಕಟ್ಟಲೇನ್ರಿ?"

ಬಾಳಯ್ಯಜ್ಜ ಅವನ ಮುಖ ನೋಡಿದರು. ಹಣೆಗೆ ವಿಭೂತಿ ಹಚ್ಚಿದರು.

"ಕಟ್ಟು."

ಸೋಮನಿಂಗ ತೇಗದ ತುಂಡು ಹುಡುಕಿ ತಂದ. ಕೊಯ್ದ, ಕೆತ್ತಿದ, ಉಜ್ಜಿದ. ಊಟಕ್ಕೆ ಕರೆದರೆ ಬರಲೊಲ್ಲ. ದಿನಾ ಮುಚ್ಚಂಜೆಗೆ ಆಚೆಯಿಂದ ಕೀಲಿ ತಿರುವುವ ಸದ್ದು ಬರುತ್ತಿತ್ತು. ಅದು ಕೇಳಿದಷ್ಟೂ ಅವನ ಉಳಿ ಜೋರಾಗುತ್ತಿತ್ತು.

ಕೆಲಸ ಮುಗಿಯಿತು ಎನ್ನುವ ದಿನ ಗುರು ನೋಡಲು ಬಂದರು.

"ಅಗಲ ಎಷ್ಟು?"

"ಒಂದು ಗೇಣು, ಅಜ್ಜಾರ."

"ಹಳಿ?"

"ನಾಕ ಬೆರಳು."

ಬಾಳಯ್ಯಜ್ಜ ಒಂದು ಕಾಲೆತ್ತಿ ಸೇತುವೆಯ ಮೇಲೆ ಊರಿ, ಮೈಭಾರ ಬಿಟ್ಟರು. ಸೇತುವೆ ಮಿಸುಕಲಿಲ್ಲ.

"ಒಂದು ಸೇರಿನ ರೈಲಿಗೆ ಇಷ್ಟು ಗಟ್ಟಿ!" ಎಂದು ನಕ್ಕರು. ಆಮೇಲೆ ನಗು ನಿಂತಿತು. ಅವರ ಕಣ್ಣು ಸೇತುವೆಯ ಬಲಬದಿಗೆ ಹೋಗಿತ್ತು.

ಅಲ್ಲಿ ಸಾಲಾಗಿ ಸಣ್ಣ ಗೂಟ ನೆಟ್ಟು, ಅವುಗಳ ಮೇಲೆ ಉದ್ದಕ್ಕೂ ಒಂದು ನುಣ್ಣನೆಯ ಕೋಲು ಕೂರಿಸಿದ್ದ. ಮೆಟ್ಟಿಲಿಗೆ ಹಾಕುವಂಥ ಹಿಡಿಗೋಲು. ಸೋಮನಿಂಗನ ಮೊಣಕಾಲಿಗಿಂತ ಸ್ವಲ್ಪವೇ ಎತ್ತರ.

"ತಮ್ಮಾ, ರೈಲಿಗೆ ಹಿಡಿಗೋಲು ಯಾಕೋ?"

ಸೋಮನಿಂಗ ಅದನ್ನು ಆಗಲೇ ಮೊದಲ ಸಲ ಕಂಡವನಂತೆ ನೋಡಿದ. ತನ್ನ ಕೈಯನ್ನು ನೋಡಿಕೊಂಡ.

"ಕಿತ್ತು ಹಾಕಲೇನ್ರಿ?" ಎಂದ ಕೊನೆಗೆ.

"ಈಗ ಬ್ಯಾಡ. ಇಡು ಕಾಲುವಿ ಮ್ಯಾಲ."

ಸೋಮನಿಂಗ ಈಚೆಯಿಂದಲೇ ಸೇತುವೆಯನ್ನು ಮೆಲ್ಲಗೆ ಜರುಗಿಸಿದ. ಆಚೆಯ ಕಲ್ಲಿನ ಮೇಲೆ ಅದು ತಾನಾಗಿ ಹೋಗಿ ಕೂತಿತು. ಹಳಿಗೆ ಹಳಿ ಕೂಡಿತು.

ಮುಚ್ಚಂಜೆಯಾಯಿತು. ಗುರುಸಿದ್ದವ್ವ ಬಿಲ್ವದ ಬುಡಕ್ಕೆ ದೀಪವಿಟ್ಟು, ತಿರುಗಿ ನೋಡದೆ ನಡೆದುಬಿಟ್ಟಳು. ಗುರು ಶಿಷ್ಯರಿಬ್ಬರೇ ಕೂತರು.

ಕಿರ್ರ್. ಕಿರ್ರ್.

ಮರಗಳ ನೆರಳಿನಿಂದ ರೈಲು ಹೊರಟು ಬಂತು. ಸೇತುವೆ ಹತ್ತಿತು. ಅದರ ಹಿಂದೆಯೇ ಇನ್ನೊಂದು ಸದ್ದು. ಟಿಣ್, ಟಿಣ್, ಟಿಣ್. ಗಾಜಿನ ಬಳೆ ಒಂದೊಂದೇ ಗೂಟಕ್ಕೆ ತಾಗುತ್ತ ಬರುವ ಸದ್ದು.

ಸೇತುವೆಯ ನಡುವಿಗೆ ಬಂದು ರೈಲು ನಿಂತಿತು. ಬಳೆಯೂ ನಿಂತಿತು. ಕಾಲುವೆಯ ನೀರೂ ಸದ್ದು ಮಾಡಲಿಲ್ಲ.

ಹಿಡಿಗೋಲು ಒಂದು ಕಡೆ ತುಸು ಬಾಗಿತ್ತು. ಯಾರೋ ಹಿಡಿದು ನಿಂತಂತೆ.

ಸೋಮನಿಂಗ ಎರಡೂ ಕೈ ಚಾಚಿದ. "ಬಾರವ್ವಾ, ನನ್ನ ಬಂಗಾರ, ಬಾ."

"ಸೋಮನಿಂಗಾ," ಬಾಳಯ್ಯಜ್ಜ ಮೆಲ್ಲಗೆ ಕೇಳಿದರು, "ಬಂದ ಮ್ಯಾಲ ಏನ ಉಣಸ್ತಿ?"

"ಬೆಲ್ಲ... ಹಾಲು... ಆಕಿ ಏನ ಬೇಡ್ತಾಳೋ ಅದು."

"ಯಾವ ಬಾಯಿಂದ ಉಂಡಾಳು?"

ಸೋಮನಿಂಗನ ಚಾಚಿದ ಕೈ ಕೆಳಗಿಳಿಯಲಿಲ್ಲ.

"ಎಲ್ಲಿ ಮಲಗಸ್ತಿ? ಆ ಮೈ ಮಣ್ಣಾಗೈತಿ. ನಿನ್ನ ಹಾಸಿಗಿ ಮಗ್ಗಲದಾಗ ನಿಂತs ಇರಬೇಕಾಕೈತಿ ಕೂಸು. ನೀ ಸತ್ತ ಮ್ಯಾಲೂ ನಿಂತಿರತೈತಿ."

"ಮತ್ತ ನೀವs ಕಟ್ಟು ಅಂದ್ರಲ್ಲ!" ಸೋಮನಿಂಗ ಕೂಗಿದ. ಗುರುವಿಗೆ ಅವನು ಏರಿದ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

"ಬ್ಯಾಡ ಅಂದಿದ್ರ ಅವತ್ತ ನೀನs ನೀರಿಗಿಳಿತಿದ್ದಿ."

ಅವನು ತಲೆ ತಗ್ಗಿಸಿದ. ಅದು ನಿಜವಾಗಿತ್ತು.

"ಆಕಿ ಯಾಕ ಬರತಾಳ ಅಜ್ಜಾರ? ಶಿವನ ಹತ್ರ ಜಾಗ ಇಲ್ಲೇನ್ರಿ ಆಕಿಗೆ?"

"ಶಿವನ ಹತ್ರ ಜಾಗಕ್ಕೇನ ಕೊರತಿ? ಮಣ್ಣ ಹಾಕೂಮುಂದ ನೀ ಏನಂದಿ, ನೆನಪ ಮಾಡ್ಕೋ."

ಸೋಮನಿಂಗ ನೆನೆದ. ಕುಣಿಯ ಅಂಚಿಗೆ ಮೊಣಕಾಲೂರಿ ಕೂತಿದ್ದ. ಮನೆ ಬಿಟ್ಟು ಹೊರಡುವವರಿಗೆ ಎಲ್ಲರೂ ಏನೆನ್ನುತ್ತಾರೋ ಅವನೂ ಅದನ್ನೇ ಅಂದಿದ್ದ. ಬರಿದೆ ಹೋಗು ಎಂದು ಯಾವ ತಂದೆಯ ಬಾಯಲ್ಲೂ ಬರುವುದಿಲ್ಲ.

"ಹೋಗಿ ಬಾ ಅಂದೆರೀ."

"ಹೇಳಿದ ಮಾತು ಮೀರದ ಕೂಸು ಅದು," ಎಂದರು ಬಾಳಯ್ಯಜ್ಜ. "ಹೋತು. ಈಗ ಬರಾಕತ್ತೈತಿ."

ಸೇತುವೆಯ ಮೇಲೆ ಬಳೆ ಒಮ್ಮೆ ಟಿಣ್ ಎಂದಿತು. ಒಂದು ಹೆಜ್ಜೆ ಈ ಕಡೆಗೆ.

ಸೋಮನಿಂಗ ಕಣ್ಣು ಮುಚ್ಚಿದ. ಎದೆಯ ಮೇಲಿನ ಲಿಂಗವನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದ.

"ನಿಂಬೆವ್ವಾ," ಎಂದ. "ಹೋಗವ್ವಾ."

ಹಿಂದೆಯೇ ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂತು. ಹುಟ್ಟಿದಾಗಿನಿಂದ ಆಡಿದ ಮಾತು, ತಾನಾಗಿ ಬರುವಂಥದು. ಹಲ್ಲು ಕಚ್ಚಿ ಅದನ್ನು ನುಂಗಿದ. ಕಲ್ಲು ನುಂಗಿದಂತೆ ನುಂಗಿದ.

ಬಹಳ ಹೊತ್ತು ಏನೂ ಕೇಳಿಸಲಿಲ್ಲ.

ಆಮೇಲೆ ಟಿಣ್. ಟಿಣ್. ಸದ್ದು ದೂರ ಸರಿಯಿತು. ಕೊನೆಯ ಗೂಟಕ್ಕೆ ತಾಗಿತು. ಕಾಲುವೆಯ ನೀರು ಮತ್ತೆ ಹರಿಯತೊಡಗಿತು.

ಆಗ ಸೋಮನಿಂಗ ಅತ್ತ. ಮಗಳನ್ನು ಮಣ್ಣು ಮಾಡಿದ ದಿನ ಅಳಬೇಕಾದದ್ದನ್ನೆಲ್ಲ ಅತ್ತ. ಗುರು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಶಿವನಾಮ ನುಡಿಯುತ್ತ ಕೂತರು. ಕರುಣಾಮಯಿ ಶಿವ, ಅವನು ಎಲ್ಲ ಕೇಳಿಸಿಕೊಂಡಿರಬೇಕು.

ಬೆಳಕು ಹರಿದ ಮೇಲೆ ಸೋಮನಿಂಗ ಬಾಗಿ ಕೈ ಚಾಚಿ ಸೇತುವೆಯ ನಡುವಿನಿಂದ ರೈಲನ್ನು ಎತ್ತಿಕೊಂಡ. ಅದರ ಕೀಲಿ ಬೆಲ್ಲದಿಂದ ಅಂಟಂಟಾಗಿತ್ತು. ಒರೆಸಲು ಹೋದವನು ಒರೆಸದೆ ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು ಬಂದ.

ಬರುವಾಗ ಗರಗಸ ತಂದ. ಹಿಡಿಗೋಲಿನ ಮೊದಲ ಗೂಟಕ್ಕೆ ಗರಗಸದ ಹಲ್ಲು ತಾಗಿಸಿದ್ದ. ಪೂಜೆಗೆ ಹೂ ಬಿಡಿಸುತ್ತಿದ್ದ ಬಾಳಯ್ಯಜ್ಜ ಅಲ್ಲಿಂದಲೇ ಕೇಳಿದರು:

"ಏನ ಮಾಡಾಕತ್ತೀಯೋ?"

"ಹಿಡಿಗೋಲು ತಗೀತೀನ್ರಿ ಅಜ್ಜಾರ. ಇನ್ನ ಯಾರಿಗೆ ಬೇಕದು?"

ಬಾಳಯ್ಯಜ್ಜ ಕೈಯಲ್ಲಿದ್ದ ಹೂವನ್ನು ಬುಟ್ಟಿಗೆ ಹಾಕಿ, ಗದ್ದುಗೆ ತೋಟದ ಕಡೆ ಒಮ್ಮೆ ನೋಡಿದರು.

"ಇರಲಿ ಬಿಡು. ನಾಳೆ ಆ ಕಡಿ ದಾಟೂ ಈ ಮುದುಕಗೂ ಹಿಡಕೊಳ್ಳಾಕ ಏನಾರ ಬೇಕಾಕೈತಿ."