ಮಾಯುತ್ತಲೇ ಹೋದ ಗಾಯ

ನದಿದಂಡೆಯ ಆಶ್ರಮದಲ್ಲಿ ಸಿದ್ಧಯ್ಯ ಎಂಬ ವೈದ್ಯಗುರುಗಳಿದ್ದರು. ಬದುಕಿಡೀ ಬೆರಣಿಯ ಬೆಂಕಿಯ ಮುಂದೆ ಕೂತು ಭಸ್ಮ ತಯಾರಿಸಿದವರು. ಈಗ ಒಂದು ಮಾತಾಡಬೇಕಾದರೂ ನಡುವೆ ನಿಂತು ಉಸಿರೆಳೆದುಕೊಳ್ಳಬೇಕಿತ್ತು.

ಶಿಷ್ಯ ಕರಿಬಸವನಿಗೆ ಗುರುಗಳೆಂದರೆ ಪ್ರಾಣ. ಅವರ ಉಬ್ಬಸಕ್ಕೆಂದೇ ಅಂಗಳದಲ್ಲಿ ಬೆರಣಿ ಒಟ್ಟಿ, ಎಡೆಬಿಡದೆ ಒಂದು ಭಸ್ಮ ಸುಡುತ್ತಿದ್ದ. ಅದು ಸಾಲದೆಂದು ಗಾಯ ಮಾಯಿಸುವ ಎಣ್ಣೆಯನ್ನೂ ತಂದ.

“ಎದೆಗೆ ಹಚ್ತೀನಿ, ಗುರುಗಳೇ. ಒಳಗಿನ ಗಾಯ ಮಾಯಲಿ.”

ಗುರುಗಳು ಅವನ ಬಲಗೈ ಹಿಡಿದುಕೊಂಡರು.

“ಈ ಬೆರಳು ಮಡಚು.”

“ಆಗಲ್ಲ. ಹಿಂದೆ ಬೆಂಕಿ ತಗುಲಿತ್ತಲ್ಲ.”

“ಸುಟ್ಟ ದಿನ ಮಡಚೋಕೆ ಆಗ್ತಿತ್ತಾ?”

“ಉರಿ ಇತ್ತು. ಆದ್ರೂ ಮಡಚ್ತಿದ್ದೆ.”

“ಮತ್ತೆ ಯಾವಾಗ ಬಿಗಿದುಕೊಂಡಿತು?”

ಕರಿಬಸವ ಬೆರಳನ್ನು ತಿರುಗಿಸಿ ನೋಡಿಕೊಂಡ. “ಮಾಯ್ದ ಮೇಲೆ. ಚರ್ಮ ಹಗ್ಗದ ಹಾಗೆ ದಪ್ಪಗಾಯ್ತು.”

“ನನ್ನ ಶ್ವಾಸನಾಳದಲ್ಲೂ ಆಗಿರೋದು ಅದೇ. ಹೊಗೆ ತಾಗಿದಾಗಲೆಲ್ಲ ಒಳಗೆ ಗಾಯ. ಗಾಯ ಆದಾಗಲೆಲ್ಲ ದೇಹ ‘ಬೆಳೀರಿ, ತುಂಬಿಸಿ’ ಅಂತ ಕೂಗುತ್ತೆ. ಆ ಕೂಗು ಕೇಳಿ ಮಾಂಸ ಬೆಳೆಯುತ್ತೆ, ನಾರು ಕಟ್ಟುತ್ತೆ. ಹೊಗೆ ನಿಲ್ಲಲಿಲ್ಲ, ಕೂಗೂ ನಿಲ್ಲಲಿಲ್ಲ. ನಾಳದ ಗೋಡೆ ದಪ್ಪಗಾಗ್ತಾ ಹೋಯ್ತು. ಉಸಿರಿಗೆ ದಾರಿ ಉಳೀಲಿಲ್ಲ.”

ಇಷ್ಟು ಹೇಳುವಷ್ಟರಲ್ಲಿ ಅವರ ತುಟಿ ನೀಲಿಗಟ್ಟಿತ್ತು.

ಶಿಷ್ಯ ಎಣ್ಣೆಯ ಬಟ್ಟಲು ಕೆಳಗಿಟ್ಟ. ಆಗಲೇ ಗಾಳಿ ತಿರುಗಿ ಅಂಗಳದ ಹೊಗೆ ಕೋಣೆಯೊಳಕ್ಕೆ ನುಗ್ಗಿತು. ಗುರುಗಳು ಕೆಮ್ಮಿದರು. ಕೆಮ್ಮಿ ಕೆಮ್ಮಿ ಚಾಪೆಯ ಮೇಲೆ ಬಾಗಿಬಿಟ್ಟರು.

ಆ ಹೊಗೆ ಎಬ್ಬಿಸಿದವನು ತಾನೇ ಎಂದು ಕರಿಬಸವನಿಗೆ ಆಗ ಹೊಳೆಯಿತು. ಗುರುಗಳ ಬಳಿ ಅಷ್ಟೊಂದು ವೈದ್ಯ ಕಲಿತಿದ್ದ ಈ ಪುಣ್ಯಾತ್ಮನಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ.

ಓಡಿಹೋಗಿ ಬೆಂಕಿಗೆ ಕೊಡಗಟ್ಟಲೆ ನೀರು ಸುರಿದ. ಗುರುಗಳಿಗೆಂದು ಸುಡುತ್ತಿದ್ದ ಭಸ್ಮವೆಲ್ಲ ಕೆಸರಾಯಿತು.

ವಾಪಸು ಬಂದವನು ಅವರ ಕಾಲ ಬಳಿ ಕುಸಿದ. “ಬೆಂಕಿ ಆರಿಸಿದೆ. ಇನ್ನು ವಾಸಿಯಾಗುತ್ತಾ, ಗುರುಗಳೇ?”

“ಇನ್ನಷ್ಟು ಕೆಡದೆ ಇರಬಹುದು. ಗಟ್ಟಿಯಾದದ್ದು ಮೆತ್ತಗಾಗಲ್ಲ, ಮಗು.”

ಕರಿಬಸವ ಬಿಕ್ಕಿ ಬಿಕ್ಕಿ ಅತ್ತ. ಅವನಿಗೆ ಈ ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ.

“ನಿಮ್ಮನ್ನ ಉಳಿಸಿಕೊಳ್ಳಬೇಕು ಅಂತಲೇ ಅಲ್ವಾ ನಾನು ಇದನ್ನೆಲ್ಲ ಮಾಡಿದ್ದು?”

ಗುರುಗಳು ಅವನ ತಲೆ ಸವರಿದರು. ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

“ಈ ನನ್ನ ದೇಹವೂ ಅಷ್ಟೇ ಕಣಪ್ಪ. ಪಾಪ, ನನ್ನನ್ನ ಉಳಿಸಿಕೊಳ್ಳಬೇಕು ಅಂತಲೇ ಮಾಡಿದ್ದು.”