ಸಿದ್ದಮಲ್ಲ ಕಿತ್ತ ಕಳೆ

ಹೊಳೆದಂಡೆಯ ಆಶ್ರಮದ ಹಿಂದೆ ಲಂಟಾನ ಪೊದೆ ಕವಿದ ಜಾಗವಿತ್ತು. ಶಿಷ್ಯ ಸಿದ್ದಮಲ್ಲ ಬೇಸಿಗೆಯೆಲ್ಲ ಅದನ್ನು ಕಡಿದು, ಬೇರು ಅಗೆದು, ತರಕಾರಿಗೆಂದು ನೆಲ ಹಸನು ಮಾಡಿದ. ಅಂಗೈ ತುಂಬ ಬೊಬ್ಬೆ. ಆದರೂ ಏನು ಹುರುಪು ಅಂತೀರಿ, ಪುಣ್ಯಾತ್ಮನಿಗೆ!

ಪಾತಿ ಮಾಡಿ ಬಿಳಿ ಬದನೆ ಬೀಜ ಬಿತ್ತಿದ. ಊರಿನ ಕೆಂಪಜ್ಜಿ ಸಾಯುವ ಮುಂಚೆ ಸೆರಗಿನ ಗಂಟು ಬಿಚ್ಚಿ ಅವನ ಕೈಗೆ ಹಾಕಿದ್ದ ಬೀಜ ಅದು.

“ಈ ತಳಿ ಇನ್ನೆಲ್ಲೂ ಇಲ್ಲ ಮಗಾ. ಉಳಿಸ್ಕೊ,” ಅಂದಿದ್ದಳು.

ಮಳೆ ಬಿತ್ತು. ಹೊಸ ನೆಲ ತಾನೇ, ಕಂಡಕಂಡಲ್ಲಿ ಕಳೆ ಎದ್ದಿತು. ಸಿದ್ದಮಲ್ಲ ದಿನಾ ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತು ಕೀಳತೊಡಗಿದ.

“ಸ್ವಲ್ಪ ನೋಡಿ ಕೀಳೋ,” ಅಂದರು ಗುರುಗಳು.

“ನೋಡೋದೇನು ಬುದ್ಧಿ? ಕಳೆ ಅಂದ್ರೆ ಕಳೆ. ಒಂದನ್ನೂ ಬಿಡಬಾರದು.”

ಗುರುಗಳು ಬುಟ್ಟಿ ತಂದರು. ಅವನು ಕಿತ್ತದ್ದನ್ನು ಬುಟ್ಟಿಗೆ ತುಂಬಿಕೊಂಡು ಹೋದರು. ದಿನಾ ಅದೇ ಕೆಲಸ. ಹಸುವಿಗಿರಬೇಕು ಅಂದುಕೊಂಡ ಶಿಷ್ಯ.

ಪಾತಿ ಬೋಳುತಲೆಯ ಹಾಗೆ ಚೊಕ್ಕಟವಾಯಿತು. ಬದನೆ ಮಾತ್ರ ಏಳಲೇ ಇಲ್ಲ.

ಒಂದು ಬೆಳಿಗ್ಗೆ, ಆಗಷ್ಟೇ ಕಿತ್ತ ಎಳೆಗಿಡವನ್ನು ಯಾಕೋ ಬೆರಳಲ್ಲಿ ಉಜ್ಜಿ ಮೂಸಿದ. ಬದನೆ ವಾಸನೆ!

ಓಡಿ ಹೋಗಿ ಗುರುಗಳ ಕಾಲಿಗೆ ಬಿದ್ದ.

“ಕೆಟ್ಟೆ ಬುದ್ಧಿ, ಕೆಟ್ಟೆ! ಕಾಡು ಗಣಿಕೆ ಅಂದ್ಕೊಂಡು ಬದನೇನೇ ಕಿತ್ತು ಬಿಸಾಕಿದೀನಿ. ಅಜ್ಜಿ ನನ್ನ ನಂಬಿ ಕೊಟ್ಟಿದ್ದಳು!”

“ಏಳು. ಬಚ್ಚಲ ಹಿಂದೆ ಬಾ.”

ಬಚ್ಚಲ ನೀರು ಹರಿಯುವಲ್ಲಿ ಬದನೆ ಸಸಿಗಳು ಸಾಲಾಗಿದ್ದವು. ಕೆಲವು ಬಾಡಿ ಮಲಗಿದ್ದವು. ಉಳಿದವು ಹೊಸ ಎಲೆ ಬಿಟ್ಟುಕೊಂಡು ನಿಂತಿದ್ದವು. ಸದ್ಯ, ತಳಿ ಉಳಿದಿತ್ತು!

ಸಿದ್ದಮಲ್ಲ ಅಲ್ಲೇ ಕೆಸರಲ್ಲಿ ಕುಸಿದು ಕೂತ. “ಬದುಕ್ಕೊಂಡೆ ಬುದ್ಧಿ, ಬದುಕ್ಕೊಂಡೆ!” ಅಳುತ್ತ ಅಳುತ್ತಲೇ ನಕ್ಕ.

“ಮೊದಲೇ ಯಾಕೆ ಹೇಳಲಿಲ್ಲ ಬುದ್ಧಿ?”

“ಹೇಳಿದೆ. ನೀನು ಕೀಳೋ ಸಂಭ್ರಮದಲ್ಲಿದ್ದೆ.”

ಅವನು ನಾಚಿ ತಲೆ ತಗ್ಗಿಸಿದ. “ಇನ್ನು ಕಳೆ ಕೀಳೋಕೆ ಕೂತರೆ ಭಯ ಆಗುತ್ತೆ ಬುದ್ಧಿ. ಯಾವುದನ್ನ ಕೀಳಲಿ, ಯಾವುದನ್ನ ಬಿಡಲಿ?”

ಗುರುಗಳು ಅವನ ಗಲ್ಲ ಹಿಡಿದೆತ್ತಿದರು. ಕಣ್ಣೀರು, ಕೆಸರು ಎರಡೂ ಮೆತ್ತಿದ ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ.

“ಈಗ ಬಂತು ನೋಡು, ಮುಖಕ್ಕೆ ಕಳೆ. ಇದನ್ನ ಮಾತ್ರ ಕೀಳಬೇಡ.”