ತಾನಾಗಿ ಎದ್ದ ಕಂಪ್ಯೂಟರು

"ಕೇಳ್ರಪ್ಪೋ ಕೇಳಿ! ತೊರೆಗಡಿ ಮಹಾಪ್ರಭುಗಳ ಅಪ್ಪಣೆ! ಆಯುಧಪೂಜೆಯ ದಿನ ಕೆಟ್ಟು ನಿಂತ ಅರಮನೆಯ ಕಂಪ್ಯೂಟರು ಈಗ ತಾನಾಗಿ ಎದ್ದಿದೆ. ಅದರ ಬಗ್ಗೆ ರಾಜಕುಮಾರಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಅರ್ಧ ರಾಜ್ಯ ಕೊಟ್ಟು, ರಾಜಕುಮಾರಿಯನ್ನು ಧಾರೆ ಎರೆಯಲಾಗುವುದು. ತಪ್ಪಿದವರಿಗೆ ತಲೆದಂಡ. ಯಾರೂ ಬಿಡಿಸದಿದ್ದರೆ, ಕಂಪ್ಯೂಟರು ಕೆಡಿಸಿದ ದೇವೀರಿಯ ತಲೆಯೂ ಹೋಗುವುದು!"

ಸಾರಿ ಸಾರಿ ಡಂಗುರದವನ ಗಂಟಲು ಕಟ್ಟಿತ್ತು. ಹಬ್ಬದ ಓಡಾಟದಲ್ಲಿ ಅರಮನೆಯಲ್ಲಿ ಒಬ್ಬರಿಗೂ ಸರಿಯಾಗಿ ನಿದ್ದೆಯಿರಲಿಲ್ಲ. ಯಾವ ಊರಿಗೆ ಯಾವಾಗ ಕೆರೆಯ ನೀರು ಬಿಡಬೇಕೆಂದು ಹೇಳುತ್ತಿದ್ದದ್ದು ಆ ಕಂಪ್ಯೂಟರೇ. ಅದು ನಿಂತಾಗ ಊರೂರಿನವರು ಬಂದು ಬಾಗಿಲಲ್ಲಿ ಕೂಗಾಡಿದ್ದರು. ಎದ್ದಿತಲ್ಲ, ಸಾಕು ಬಿಡಿ ಎನ್ನಬಹುದಿತ್ತು. ಆದರೆ ಕಾರಣ ತಿಳಿಯದೆ ಎದ್ದದ್ದು ಮತ್ತೆ ಯಾವಾಗ ಮಲಗುತ್ತದೋ ಎಂದು ಅರಸರಿಗೆ ಹೆದರಿಕೆ. ಪೂಜೆಯ ದಿನ ಅದು ಅರಚಿಕೊಂಡಾಗ ಎಲ್ಲರೆದುರು ಓಡಿಬಂದು ವಯರು ಕಿತ್ತವಳು ಅದನ್ನು ನೋಡಿಕೊಳ್ಳುವ ದೇವೀರಿ. ಹಾಗಾಗಿ ಅವಳನ್ನೇ ಹಿಡಿದು ಸೆರೆಮನೆಗೆ ಹಾಕಿದ್ದರು. ಕೇಳಿದರೆ ಅವಳು ಬಾಯಿ ಬಿಡಲೇ ಇಲ್ಲ.

ರಾಜಕುಮಾರಿ ನಾಗಲಾಂಬೆ ಕಂಪ್ಯೂಟರಿನ ಪಕ್ಕ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ತನ್ನನ್ನೂ ಬಹುಮಾನದ ಜೊತೆ ಸೇರಿಸಿದ್ದಕ್ಕೆ ಅಪ್ಪನ ಮೇಲೆ ಅವಳಿಗೆ ಕೋಪವಿತ್ತು. ಕೋಪ ತೋರಿಸುವಷ್ಟು ತ್ರಾಣ ಇರಲಿಲ್ಲ.

ಮೊದಲು ಬಂದವನು ನೆರೆರಾಜ್ಯದ ಯುವರಾಜ.

"ಗುಂಡಿ ಒತ್ತಿದೊಡನೆ ಕೀ ಕೀ ಎಂದು ಒಂದೇ ಸಮನೆ ಅರಚಿತು. ಮುಖದಲ್ಲಿ ಬೆಳಕಿಲ್ಲ. ಅದು ಏನನ್ನು ಕಳೆದುಕೊಂಡು ಅತ್ತಿತು?" ಎಂದು ರಾಜಕುಮಾರಿ ಕೇಳಿದಳು.

"ಕರೆಂಟು!" ಎಂದು ಯುವರಾಜ ಮೀಸೆ ತಿರುವಿದ.

"ಕರೆಂಟೇ ಇಲ್ಲದೆ ಅರಚುವುದು ಹೇಗಪ್ಪ?" ಎಂದಳು. ಭಟರು ಅವನನ್ನು ಕರೆದೊಯ್ದರು.

ಆಮೇಲೆ ಬಂದ ದಂಡನಾಯಕನ ಮಗ ಸ್ವಲ್ಪ ಓದಿಕೊಂಡವನು. ಅದೇ ಒಗಟಿಗೆ "ನೆನಪು" ಎಂದ. ರಾಜಕುಮಾರಿ ಹೌದೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದಳು. "ಎದ್ದಮೇಲೆ ಅದು, ತಾನು ಹುಟ್ಟಿದ ವರ್ಷವೇ ಇವತ್ತಿಗೂ ನಡೆಯುತ್ತಿದೆ ಎನ್ನುತ್ತದೆ. ನಮಗೆಲ್ಲ ವಯಸ್ಸಾಗಿದೆ, ಅದಕ್ಕೊಂದಕ್ಕೆ ಆಗಿಲ್ಲ. ಅದರೊಳಗೆ ಸತ್ತವರು ಯಾರು?"

"ಗಡಿಯಾರ."

"ಗಡಿಯಾರ ಓಡುತ್ತಲೇ ಇದೆ, ನೋಡು."

ಅವನೂ ಹೋದ. ಅಂಗಳದಲ್ಲಿ ಕತ್ತಿ ಮಸೆಯುವ ಸದ್ದಾಯಿತು. ಇನ್ನೊಬ್ಬರು ಮುಂದೆ ಬರಲಿಲ್ಲ. ಅರಸರು ಸಿಂಹಾಸನದಲ್ಲೇ ತೂಕಡಿಸುತ್ತಿದ್ದರು.

ಆಗ ದೇವೀರಿಯ ತಮ್ಮ ಮರಿಸಿದ್ದ ಬಂದು ನಿಂತ. ಅವನು ಅರಮನೆಗೆ ಹೂ ಕಟ್ಟುವವನು. ಅಕ್ಕನಿಗೆ ದಿನಾ ಬುತ್ತಿ ತಂದುಕೊಡುತ್ತಿದ್ದದ್ದು ಬಿಟ್ಟರೆ ಕಂಪ್ಯೂಟರಿಗೂ ಅವನಿಗೂ ಸಂಬಂಧವಿರಲಿಲ್ಲ. ಅತ್ತು ಅತ್ತು ಅವನ ಕಣ್ಣು ಊದಿತ್ತು.

"ಬುದ್ಧೀ, ಮೊದಲನೇದು ನೆನಪೇ ಸರಿ. ಒಳಗೊಂದು ನೆನಪಿನ ಪಟ್ಟಿ ಐತೆ, ಅಕ್ಕ ಅದನ್ನ ರ‍್ಯಾಮ್ ಅಂತಾಳೆ. ಅದು ಕೈಗೆ ಸಿಗದಿದ್ರೆ ಹಂಗೇ ಅರಚ್ಕೊಳ್ಳೋದು. ಎರಡನೇದು ಒಂದು ಪುಟಾಣಿ ಸೆಲ್ಲು. ವಯರು ಕಿತ್ರೂ ತಾರೀಕು ಹಿಡ್ಕೊಂಡಿರೋದು ಅದೇಯ. ಅದು ಯಾವತ್ತೋ ಸತ್ತಿತ್ತು, ವಯರು ಕೀಳೋವರೆಗೂ ಗೊತ್ತಾಗ್ಲಿಲ್ಲ. ಹಳೇದಾಗೈತೆ, ಹೊಸದು ತರಿಸ್ಕೊಡಿ ಅಂತ ಅಕ್ಕ ಮೊದ್ಲಿಂದ್ಲೂ ಅರಮನೆಯೋರ ಹತ್ರ ಹೇಳ್ತಾನೇ ಇದ್ಲು."

ಅರಸರ ತೂಕಡಿಕೆ ಹಾರಿತು. ರಾಜಕುಮಾರಿ ನೆಟ್ಟಗೆ ಕೂತಳು.

"ಎರಡೂ ಸರಿ. ಮೂರನೆಯದರ ಉತ್ತರ ನನಗೂ ಗೊತ್ತಿಲ್ಲ. ಬಡಿದರೆ ಏಳಲಿಲ್ಲ, ಬೇಡಿದರೆ ಏಳಲಿಲ್ಲ. ಬೇಸತ್ತು ಕಿಟಕಿಯ ಹತ್ತಿರ ಬಿಟ್ಟೆವು, ಯಾರೂ ಮುಟ್ಟದೆ ಸರಿಹೋಯಿತು. ಅದನ್ನು ಎಬ್ಬಿಸಿದವರು ಯಾರು? ಮಲಗಿಸಿದವರು ಯಾರು?"

"ಎಬ್ಬಿಸಿದ್ದು ಬಿಸಿಲು," ಎಂದ ಮರಿಸಿದ್ದ.

"ಮಲಗಿಸಿದವರು?" ಎಂದಳು ರಾಜಕುಮಾರಿ.

"ನಾನು ಬುದ್ಧೀ. ಆಮೇಲೆ, ತಾವು."

ಅವನು ಅರಸರ ಕಡೆ ತಿರುಗಿ ಹೇಳಿದ.

"ಆಯುಧಪೂಜೆಗೆ ಖಡ್ಗಕ್ಕೆ, ತೋಪಿಗೆ, ಎಲ್ಲದಕ್ಕೂ ತಾವೇ ಹಾರ ಹಾಕೋದು ಪದ್ಧತಿ. ಬಾಡಬಾರದು ಅಂತ ನಾನು ಹಾರನ ನೀರಲ್ಲಿ ಅದ್ದಿ ಕೊಡ್ತೀನಿ. ಕಂಪ್ಯೂಟರಿನದನ್ನೂ ಹಂಗೇ ಅದ್ದಿ ಕೊಟ್ಟೆ. ತಾವು ಅದನ್ನ ಮೇಲಿಟ್ಟು, ಆಗ್ಲೇ ಗುಂಡಿ ಒತ್ತಿದ್ರಿ. ನೆತ್ತಿ ಮೇಲಿನ ಕಂಡಿಯಿಂದ ನೀರು ಒಳಕ್ಕೆ ಇಳೀತು. ವಯರು ಕಿತ್ತು ಅದನ್ನ ಉಳಿಸ್ದೋಳು ನಮ್ಮಕ್ಕ. ಮುಚ್ಚಳ ತೆಗೆಸಿ ನೋಡಿ ಬುದ್ಧೀ."

ಪೂಜೆಯಾದದ್ದನ್ನು ಬಿಚ್ಚುವುದು ಆ ಅರಮನೆಯಲ್ಲಿ ಇಲ್ಲ. ಪೂಜೆಯಿಂದ ಏನಾದರೂ ಕೆಡುತ್ತದೆಂದು ಯಾರಿಗೂ ಹೊಳೆದೇ ಇರಲಿಲ್ಲ. ಅರಸರು ಎದ್ದು ತಾವೇ ಮುಚ್ಚಳ ಬಿಚ್ಚಿದರು. ನೆನಪಿನ ಪಟ್ಟಿಯ ಬುಡದಲ್ಲಿ ಚೆಂಡುಹೂವಿನ ಒಣ ಎಸಳು ಅಂಟಿಕೊಂಡಿತ್ತು. ಕೆಳಗೆ ಕುಂಕುಮದ ನೀರು ಹರಿದ ಕಲೆ.

ಅರಸರು ಆ ಎಸಳನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡರು.

"ಕೆಡಿಸಿದವರ ತಲೆ ತೆಗೆಯಬೇಕೆಂದು ಸಾರಿಸಿದವನು ನಾನು. ಈಗ ನನ್ನದೂ ತೆಗೆಯಬೇಕಲ್ಲ," ಎಂದರು. ಮುಖ ಒರೆಸಿಕೊಂಡು ಭಟರ ಕಡೆ ತಿರುಗಿದರು. "ಯಾರ ತಲೆಯೂ ಬೇಡ. ಒಳಗಿರುವವರನ್ನೆಲ್ಲ ಬಿಡಿ. ಆ ಕತ್ತಿ ಮಸೆಯುವುದು ನಿಲ್ಲಿಸಲು ಹೇಳಿ, ತಲೆ ಸಿಡಿಯುತ್ತಿದೆ."

ಯುವರಾಜ ಬಂದ ದಾರಿ ಹಿಡಿದ. ಅರಸರು ಮರಿಸಿದ್ದನಿಗೆ ಅರ್ಧ ರಾಜ್ಯದ ಮಾತೆತ್ತಿದರು. ಅವನು ಕೈಮುಗಿದು, ಅಷ್ಟೆಲ್ಲ ಬೇಡ, ಕೆರೆ ಕೆಳಗೆ ಹೂದೋಟಕ್ಕೆ ಒಂದಿಷ್ಟು ಜಾಗ ಕೊಟ್ಟರೆ ಸಾಕೆಂದ. ಅದು ಸಿಕ್ಕಿತು. ಮದುವೆಯ ಮಾತನ್ನು ತಾನೇ ಯೋಚಿಸಿ ಹೇಳುತ್ತೇನೆಂದು ರಾಜಕುಮಾರಿ ಒಳಗೆ ಹೋಗಿ ಮಲಗಿದಳು. ಮರಿಸಿದ್ದನಿಗೂ ಜೀವ ಹಗುರಾಯಿತು.

ಸೆರೆಮನೆಯ ಬಾಗಿಲಲ್ಲಿ ದೇವೀರಿ ಗೋಡೆ ಹಿಡಿದು ನಿಂತಿದ್ದಳು.

"ಅಕ್ಕಾ, ನನ್ನಂಥ ದಡ್ಡನಿಗೇ ಹೊಳೀತು. ದಿನಾ ಅದರ ಮುಂದೆ ಕೂತ್ಕೊಳ್ಳೋ ನಿಂಗೆ ನೀರು ಇಳಿದಿದ್ದು ಗೊತ್ತಾಗ್ಲಿಲ್ವಾ?"

"ವಯರು ಕೀಳುವಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ದೇವೀರಿ ಅವನ ತಲೆ ನೇವರಿಸಿದಳು.

"ಹಾರ ಕಟ್ಟಿದ್ದು ಯಾರು ಅಂತ ಕೇಳ್ತಿದ್ರಲ್ಲೋ," ಎಂದಳು.